ಮುಹೂರ್ತಕ್ಕೆ ಮೊದಲು ವೀಸಾದ ತಾರೀಖು ನೋಡಿ

ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ಮದುವೆಯ ಮಾತುಕತೆಗೆ ಈಗ ಒಂದು ಹೊಸ ಘಟ್ಟ ಸೇರಿಕೊಂಡಿದೆ. ಜಾತಕ ಕೂಡಿಬಂತು, ಛತ್ರ ಸಿಕ್ಕಿತು, ಪುರೋಹಿತರು ಎರಡು ಮೂರು ಮುಹೂರ್ತ ಬರೆದುಕೊಟ್ಟರು. ಆಮೇಲೆ ಅಮೆರಿಕದಲ್ಲಿ ಓದುತ್ತಿರುವ ತಂಗಿಗೋ ತಮ್ಮನಿಗೋ ಫೋನು ಹೋಗುತ್ತದೆ. ಆ ಕಡೆಯಿಂದ ಉತ್ತರ ತಡವರಿಸಿಕೊಂಡು ಬರುತ್ತದೆ: "ಬರ್ಬೇಕು ಅಂತ ತುಂಬ ಆಸೆ ಇದೆ ಅಮ್ಮ. ಆದ್ರೆ ನನ್ನ ವೀಸಾ ಮಾರ್ಚ್‌ಗೇ ಮುಗ್ದೋಗತ್ತೆ. ಬಂದ್ರೆ ಸ್ಟಾಂಪಿಂಗ್ ಮಾಡಿಸ್ಕೊಂಡೇ ವಾಪಸ್ ಹೋಗ್ಬೇಕು. ಆಗ್ಲಿಲ್ಲ ಅಂದ್ರೆ?"

ಮನೆಯ ಹಿರಿಯರಿಗೆ ಇದು ಅರ್ಥವಾಗುವುದಿಲ್ಲ. ವೀಸಾ ಮುಗಿದಿದ್ದರೆ ಅವಳು ಅಲ್ಲಿ ಇರುವುದಾದರೂ ಹೇಗೆ ಎಂದು ಒಬ್ಬರು ಗಾಬರಿಯಾಗುತ್ತಾರೆ. ಬರಲು ಮನಸ್ಸಿಲ್ಲದೆ ನೆಪ ಹೇಳುತ್ತಿದ್ದಾಳೆ ಎಂದು ಇನ್ನೊಬ್ಬರು ನೊಂದುಕೊಳ್ಳುತ್ತಾರೆ. ಎರಡೂ ತಪ್ಪು ತಿಳಿವಳಿಕೆ. ಆ ಹುಡುಗಿ ಅಲ್ಲಿ ಕಾನೂನಿನ ಪ್ರಕಾರವೇ ಇದ್ದಾಳೆ, ಅವಳ ಭಯವೂ ನಿಜವಾದದ್ದೇ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಊರಿಗೆ ಬರುವುದು ಒಂದು ಮಾತು, ಮರಳಿ ಒಳಗೆ ಹೋಗುವುದು ಬೇರೆಯೇ ಮಾತು. ಈ ವ್ಯತ್ಯಾಸ ಮಕ್ಕಳಿಗೆ ಗೊತ್ತಿದ್ದರೆ ಸಾಲದು, ಅವರನ್ನು ಊರಿಗೆ ಕರೆಯುವ ನಮಗೂ ಗೊತ್ತಿರಬೇಕು. ಗೊತ್ತಿಲ್ಲದೆ ಹಾಕುವ ಒತ್ತಾಯ ಒಂದು ಸೆಮಿಸ್ಟರನ್ನೇ, ಕೆಲವೊಮ್ಮೆ ಒಂದು ಪದವಿಯನ್ನೇ ನುಂಗಬಲ್ಲದು.

ಅಮೆರಿಕದ 'ಓಪನ್ ಡೋರ್ಸ್' ವರದಿಯ ಪ್ರಕಾರ 2024-25ರಲ್ಲಿ ಆ ದೇಶದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,63,019. ಓದು ಮುಗಿಸಿ ತರಬೇತಿಯ ಕೆಲಸದಲ್ಲಿರುವವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇಂಥ ಒಬ್ಬ ಮಗ ಅಥವಾ ಮಗಳು ಇಲ್ಲದ ರಸ್ತೆ ಹುಡುಕುವುದು ಕಷ್ಟ. ಜಯನಗರ 4ನೇ ಬ್ಲಾಕಿನ ಸುತ್ತಮುತ್ತ ವಿದೇಶ ವ್ಯಾಸಂಗದ ಬೋರ್ಡುಗಳಿಗೆ ಕೊರತೆಯಿಲ್ಲ. ಮೊದಲ ಸಲ ಕಳಿಸಿಕೊಡುವ ವಿದ್ಯೆ ಅಲ್ಲಿ ಚೆನ್ನಾಗಿ ಬೆಳೆದಿದೆ. ರಜೆಗೆ ಬಂದವರು ಮರಳುವ ಬಗ್ಗೆ ಹೇಳಿಕೊಡುವವರು ಮಾತ್ರ ಕಡಿಮೆ.

ಎಲ್ಲ ಗೊಂದಲದ ಬೇರು ಒಂದೇ ಕಡೆ ಇದೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿಕೊಡುವ ಎಫ್-1 ಎಂಬ ವಿದ್ಯಾರ್ಥಿ ವೀಸಾ ಅಮೆರಿಕದಲ್ಲಿ ಎಷ್ಟು ದಿನ ಇರಬಹುದು ಎಂದು ಹೇಳುವುದಿಲ್ಲ. ಅಲ್ಲಿನ ಬಾಗಿಲಿಗೆ ಹೋಗಿ ಒಳಗೆ ಬಿಡಿ ಎಂದು ಕೇಳಲು ಅದು ಕೊಡುವ ಅನುಮತಿ, ಅಷ್ಟೇ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ತೆಗೆದ ಟಿಕೆಟ್ಟಿನ ಹಾಗೆ: ಒಳಗೆ ಹೋದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ, ಗೇಟು ದಾಟಿ ಹೊರಗೆ ಬಂದರೆ ಮತ್ತೆ ಬೇಕು. ಒಳಗೆ ಇರುವ ಹಕ್ಕನ್ನು ಕೊಡುವುದು ಬೇರೆ ಕಾಗದಗಳು. ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ದಾಖಲೆ ಅದರಲ್ಲಿ ಮುಖ್ಯವಾದದ್ದು. ಓದು ಎಂದು ಶುರು, ಎಂದು ಮುಗಿಯುತ್ತದೆ, ಹಣ ಎಲ್ಲಿಂದ ಎಂಬುದೆಲ್ಲ ಅದರಲ್ಲಿರುತ್ತದೆ. ಇನ್ನೊಂದು, ಒಳಗೆ ಕಾಲಿಟ್ಟಾಗ ದಾಖಲಾಗುವ ಐ-94. ವಿದ್ಯಾರ್ಥಿಗಳ ಐ-94ರಲ್ಲಿ ಇಂಥ ತಾರೀಖಿನೊಳಗೆ ಹೊರಡಬೇಕು ಎಂದು ಬರೆಯದೆ, ಓದು ನಡೆಯುವಷ್ಟು ಕಾಲ ಇರಬಹುದು ಎಂಬರ್ಥದ 'ಡಿ/ಎಸ್' ಎಂಬ ಎರಡಕ್ಷರ ಹಾಕುವುದು ಹಲವು ದಶಕಗಳಿಂದ ಬಂದ ಪದ್ಧತಿ. ಇದನ್ನು ಕೈಬಿಟ್ಟು ಗರಿಷ್ಠ ನಾಲ್ಕು ವರ್ಷದ ಗಡುವು ಹಾಕಬೇಕು ಎಂಬ ಪ್ರಸ್ತಾವವನ್ನು ಅಲ್ಲಿನ ಸರ್ಕಾರ 2025ರ ಆಗಸ್ಟ್ ಕೊನೆಯಲ್ಲಿ ಮುಂದಿಟ್ಟಿತು. ಪಿಎಚ್‌.ಡಿ. ಮಾಡುತ್ತಿರುವವರ ಮನೆಯವರು ಈ ವಿಷಯದ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಹಾಗಾಗಿ ವೀಸಾದ ಅವಧಿ ಮುಗಿದರೂ ಐ-20 ಚಾಲ್ತಿಯಲ್ಲಿದ್ದು, ತರಗತಿಗೆ ಸರಿಯಾಗಿ ಹೋಗುತ್ತಿದ್ದರೆ ವಿದ್ಯಾರ್ಥಿ ನಿಶ್ಚಿಂತೆಯಿಂದ ಅಲ್ಲೇ ಓದು ಮುಂದುವರಿಸಬಹುದು. ತೊಡಕು ಶುರುವಾಗುವುದು ವಿಮಾನ ಹತ್ತಿ ಹೊರಗೆ ಬಂದ ಮೇಲೆ.

ಭಾರತೀಯರಿಗೆ ಎಫ್-1 ವೀಸಾ ಸಾಮಾನ್ಯವಾಗಿ ಐದು ವರ್ಷಕ್ಕೆ, ಎಷ್ಟು ಸಲ ಬೇಕಾದರೂ ಹೋಗಿಬರುವಂತೆ ಸಿಗುತ್ತದೆ. ಐದು ವರ್ಷ ಎಂದರೆ ಬೇಕಾದಷ್ಟಾಯಿತು ಎನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 2021ರ ಮೇ ತಿಂಗಳಲ್ಲಿ ವೀಸಾ ಪಡೆದು ಆಗಸ್ಟಿನಲ್ಲಿ ಎಂ.ಎಸ್. ಸೇರಿದ ಹುಡುಗ 2023ರ ಮೇನಲ್ಲಿ ಪದವಿ ಪಡೆಯುತ್ತಾನೆ. ಆಮೇಲೆ ಒಪಿಟಿ ಎಂಬ ಹನ್ನೆರಡು ತಿಂಗಳ ಕೆಲಸದ ಅನುಮತಿ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿಯಾದರೆ ಅದರ ಮೇಲೆ ಇನ್ನೂ ಇಪ್ಪತ್ತನಾಲ್ಕು ತಿಂಗಳು. ಎಲ್ಲ ಸೇರಿ 2026ರ ನಡುಭಾಗದವರೆಗೆ ಬಂದ. ವೀಸಾ 2026ರ ಮೇನಲ್ಲೇ ಮುಗಿದಿರುತ್ತದೆ. ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಇನ್ನೂ ಬಿಗಿ. ಐದಾರು ವರ್ಷ ಹಿಡಿಯುವ ಸಂಶೋಧನೆಯ ಕೊನೆಯ ವರ್ಷದಲ್ಲಿ, ಪ್ರಬಂಧ ಬರೆಯುವ ಹೊತ್ತಿಗೆ ಸರಿಯಾಗಿ ವೀಸಾ ಮುಗಿಯುತ್ತದೆ. ಮೊದಲ ನಾಲ್ಕು ವರ್ಷ ಯುಗಾದಿಗೋ ದೀಪಾವಳಿಗೋ ಬಂದುಹೋಗುತ್ತಿದ್ದ ಮಗಳು ಐದನೆಯ ವರ್ಷ ಹಿಂದೇಟು ಹಾಕುವುದಕ್ಕೆ ಕಾರಣ ಮನಸ್ಸು ದೂರವಾದದ್ದಲ್ಲ, ಪಾಸ್‌ಪೋರ್ಟಿನ ಒಂದು ಪುಟ.

ಅಲ್ಲೇ ಇದ್ದು ವೀಸಾ ನವೀಕರಿಸಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಆಗದು. 2024ರ ಜನವರಿ ಕೊನೆಯಲ್ಲಿ ಅಮೆರಿಕದೊಳಗೇ ವೀಸಾ ನವೀಕರಿಸುವ ಒಂದು ಪ್ರಯೋಗ ನಡೆಯಿತು, ಅದು ಎಚ್-1ಬಿ ಎಂಬ ಉದ್ಯೋಗ ವೀಸಾದವರಿಗೆ ಮೀಸಲಾಗಿತ್ತು. ವಿದ್ಯಾರ್ಥಿಗಳು ಹೊರಗೆ ಬಂದು, ಕಾನ್ಸುಲೇಟಿನ ಕಿಟಕಿಯೆದುರು ನಿಂತೇ ಪಡೆಯಬೇಕು. ಮಕ್ಕಳು ಸ್ಟಾಂಪಿಂಗ್ ಎನ್ನುವುದು ಇದನ್ನೇ.

ಆ ಕಿಟಕಿ ನಮ್ಮೂರಿನಲ್ಲಿ ಇರಲಿಲ್ಲ ಎಂಬುದು ಬೆಂಗಳೂರಿನ ಹಳೆಯ ನೋವು. ಸಾಫ್ಟ್‌ವೇರ್ ಉದ್ಯಮದ ರಾಜಧಾನಿ ಎನಿಸಿಕೊಂಡ ಊರಿನವರು ಅಮೆರಿಕದ ವೀಸಾಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿಬರುತ್ತಾ ಬಂದಿದ್ದಾರೆ. 2023ರ ಜೂನ್‌ನಲ್ಲಿ ಪ್ರಧಾನಿ ವಾಷಿಂಗ್ಟನ್‌ಗೆ ಹೋಗಿದ್ದಾಗ ಬೆಂಗಳೂರಿಗೆ ಕಾನ್ಸುಲೇಟ್ ಬರುವುದಾಗಿ ಪ್ರಕಟಣೆ ಹೊರಬಿತ್ತು. 2025ರ ಜನವರಿ 17ರಂದು ವಿದೇಶಾಂಗ ಸಚಿವ ಎಸ್. ಜೈಶಂಕರ್ ಮತ್ತು ಆಗಿನ ಅಮೆರಿಕ ರಾಯಭಾರಿ ಎರಿಕ್ ಗಾರ್ಸೆಟಿ ಇಲ್ಲಿನ ಜೆ.ಡಬ್ಲ್ಯು. ಮ್ಯಾರಿಯಟ್ ಹೋಟೆಲಿನಲ್ಲಿ ಅದರ ತಾತ್ಕಾಲಿಕ ನೆಲೆಯನ್ನು ಉದ್ಘಾಟಿಸಿದರು. ಆದರೆ ವೀಸಾ ಕೊಡುವ ಕೆಲಸ ಅಂದು ಅಲ್ಲಿ ಆರಂಭವಾಗಲಿಲ್ಲ. ಕಾನ್ಸುಲೇಟ್ ಬಂದಿದೆಯಲ್ಲ, ಇಲ್ಲೇ ಆಗುತ್ತದೆ ಎಂದು ನಂಬಿ ಟಿಕೆಟ್ ಮಾಡಿಸಿದ ಮನೆಗಳು ಅನೇಕ. ಟಿಕೆಟ್ ತೆಗೆಯುವ ದಿನ ಯಾವ ಊರಿನಲ್ಲಿ ಸಂದರ್ಶನದ ಸ್ಲಾಟ್ ಕಾಣುತ್ತಿದೆ ಎಂಬುದನ್ನು ಅಧಿಕೃತ ತಾಣದಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು.

ಚೆನ್ನೈ ಎಂದರೆ ಅಣ್ಣಾ ಸಾಲೈನ ಜೆಮಿನಿ ಮೇಲ್ಸೇತುವೆಯ ಪಕ್ಕದ ಕಟ್ಟಡ. ಬೆರಳಚ್ಚು ಮತ್ತು ಫೋಟೋ ಒಂದು ಕೇಂದ್ರದಲ್ಲಿ, ಸಂದರ್ಶನ ಕಾನ್ಸುಲೇಟಿನಲ್ಲಿ. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಅಲ್ಲಿ ಇಳಿದು, ಸರದಿಯಲ್ಲಿ ನಿಲ್ಲುವುದು ದಕ್ಷಿಣ ಬೆಂಗಳೂರಿನ ಎಷ್ಟೋ ಕುಟುಂಬಗಳಿಗೆ ರೂಢಿಯಾಗಿಬಿಟ್ಟಿದೆ. ಮೊಬೈಲ್ ಒಳಗೆ ಬಿಡುವುದಿಲ್ಲವಾದ್ದರಿಂದ ಅಪ್ಪ ಅಥವಾ ಅಮ್ಮ ಫೋನು ಹಿಡಿದು ಹೊರಗೆ ಕಾಯುತ್ತಾರೆ. ಹೈದರಾಬಾದಿನ ಸ್ಲಾಟ್ ಸಿಕ್ಕವರು ನಾನಕ್‌ರಾಮ್‌ಗುಡದ ಹೊಸ ಕಟ್ಟಡಕ್ಕೆ ಹೋಗುತ್ತಾರೆ, ಹಾಗೇ ಚಿಲ್ಕೂರು ಬಾಲಾಜಿಯ ದರ್ಶನವನ್ನೂ ಮಾಡಿ ಬರುತ್ತಾರೆ.

2025ರಲ್ಲಿ ಈ ದಾರಿ ಬಹಳ ಕಿರಿದಾಯಿತು. ಮೇ 27ರಂದು ಹೊಸ ವಿದ್ಯಾರ್ಥಿ ವೀಸಾ ಸಂದರ್ಶನದ ದಿನಾಂಕ ಕೊಡುವುದನ್ನೇ ಅಮೆರಿಕ ತಡೆಹಿಡಿಯಿತು. ಜೂನ್ 18ರಂದು ಮತ್ತೆ ತೆರೆದಾಗ ಒಂದು ಷರತ್ತು ಬಂತು: ಅರ್ಜಿದಾರರು ತಮ್ಮ ಸಾಮಾಜಿಕ ಮಾಧ್ಯಮದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಅದಕ್ಕೂ ಮೊದಲು, ವೀಸಾ ನವೀಕರಣಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು ಸಂದರ್ಶನವಿಲ್ಲದೆ ಡ್ರಾಪ್‌ಬಾಕ್ಸಿನಲ್ಲಿ ಪಾಸ್‌ಪೋರ್ಟ್ ಕೊಟ್ಟು ಹೋಗಬಹುದಾದ ಅನುಕೂಲವಿತ್ತು. ಸೆಪ್ಟೆಂಬರ್ 2ರಿಂದ ವಿದ್ಯಾರ್ಥಿಗಳಿಗೆ ಅದು ಹೋಯಿತು. ಅದೇ ತಿಂಗಳು ಇನ್ನೊಂದು ಆದೇಶ: ಅರ್ಜಿದಾರರು ತಮ್ಮ ಸ್ವಂತ ದೇಶದಲ್ಲಿ ಅಥವಾ ಕಾಯಂ ವಾಸವಿರುವ ದೇಶದಲ್ಲಿ ಮಾತ್ರ ಸಂದರ್ಶನಕ್ಕೆ ಹೋಗಬೇಕು. ಮೆಕ್ಸಿಕೊದಲ್ಲೋ ಕೆನಡಾದಲ್ಲೋ ಸ್ಟಾಂಪಿಂಗ್ ಮುಗಿಸಿ, ಊರಿಗೆ ಬಂದಾಗ ನೆಮ್ಮದಿಯಿಂದ ಇರುತ್ತೇನೆ ಎನ್ನುತ್ತಿದ್ದವರಿಗೆ ಆ ಬಾಗಿಲೂ ಮುಚ್ಚಿತು.

ಇದನ್ನೆಲ್ಲ ನಮ್ಮ ಪಂಚಾಂಗದ ಜೊತೆ ಇಟ್ಟು ನೋಡಿದರೆ ಮನೆಯವರ ಕಷ್ಟ ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದ ಚಳಿಗಾಲದ ರಜೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ, ಸುಮಾರು ನಾಲ್ಕು ವಾರ. ಅದು ಸರಿಯಾಗಿ ಧನುರ್ಮಾಸ. ಮದುವೆ, ಗೃಹಪ್ರವೇಶ ಯಾವುದಕ್ಕೂ ಮುಹೂರ್ತವಿಲ್ಲ. ಇನ್ನು ಉಳಿಯುವುದು ಮೇ ತಿಂಗಳಿಂದ ಆಗಸ್ಟ್‌ವರೆಗಿನ ಬೇಸಿಗೆ ರಜೆ. ಅದರಲ್ಲಿ ಆಷಾಢ ಕಳೆಯಿತು. 2026ರಲ್ಲಂತೂ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬೇರೆ ಬಂದಿದೆ. ಉಳಿದ ಕೆಲವೇ ವಾರಗಳಲ್ಲಿ ಮದುವೆ ಇಡಬೇಕು. ಆ ವಾರಗಳಲ್ಲೇ ಹೊಸದಾಗಿ ಹೊರಟ ಸಾವಿರಾರು ಮಕ್ಕಳು ಚೆನ್ನೈ, ಹೈದರಾಬಾದಿನ ಸ್ಲಾಟುಗಳಿಗೆ ಮುಗಿಬಿದ್ದಿರುತ್ತಾರೆ. ಅಕ್ಕನ ಮದುವೆ ಮತ್ತು ತಂಗಿಯ ಸ್ಟಾಂಪಿಂಗ್ ಒಂದೇ ಹದಿನೈದು ದಿನದಲ್ಲಿ ಬಿದ್ದರೆ, ಆ ಹುಡುಗಿ ಅರಿಸಿನ ಹಚ್ಚುವ ಶಾಸ್ತ್ರದ ನಡುವೆಯೂ ಪಾಸ್‌ಪೋರ್ಟ್ ಬಂತೇ ಎಂದು ಫೋನು ನೋಡುತ್ತಿರುತ್ತಾಳೆ. ನಾಲ್ಕು ವಾರದ ಚಳಿಗಾಲದ ರಜೆಯಲ್ಲಿ ಸ್ಟಾಂಪಿಂಗ್ ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸಲ್ಲದು. ಸಂದರ್ಶನ ಚೆನ್ನಾಗಿ ಆದರೂ 221(ಜಿ) ಎಂಬ ಚೀಟಿ ಕೊಟ್ಟು ಹೆಚ್ಚಿನ ಪರಿಶೀಲನೆಗೆ ಕಡತ ತಡೆದಿಟ್ಟರೆ ವಾರಗಳೇ ಹಿಡಿಯಬಹುದು. ಸೂಕ್ಷ್ಮ ತಂತ್ರಜ್ಞಾನಗಳ ಮೇಲೆ ಸಂಶೋಧನೆ ಮಾಡುವವರಿಗೆ ಈ ಸಾಧ್ಯತೆ ಹೆಚ್ಚು. ತರಗತಿ ಜನವರಿ ಎರಡನೆಯ ವಾರ ಶುರುವಾಗುತ್ತದೆ, ಪ್ರೊಫೆಸರ್ ಕಾಯುವುದಿಲ್ಲ.

ಇಷ್ಟು ತಿಳಿದ ಮೇಲೆ ಯಾವ ರಜೆಯಲ್ಲಿ ನವೀಕರಣ ಮಾಡಿಸುವುದು ಎಂಬ ಪ್ರಶ್ನೆ ಬರುತ್ತದೆ. ವೀಸಾ ಮುಗಿಯುವವರೆಗೆ ಕಾಯಬೇಕಿಲ್ಲ. ಇನ್ನೂ ಅವಧಿ ಇರುವಾಗಲೇ ಅರ್ಜಿ ಹಾಕಬಹುದು. ಅರ್ಜಿಯ ಶುಲ್ಕ 185 ಡಾಲರ್. ಸೆವಿಸ್ ಎಂಬುದು ಅಲ್ಲಿನ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ದಾಖಲೆಯಿಡುವ ವ್ಯವಸ್ಥೆ. ಮೊದಲ ಸಲ ಅದಕ್ಕೆ ಕಟ್ಟಿದ 350 ಡಾಲರಿನ ಶುಲ್ಕವನ್ನು ಅದೇ ಸೆವಿಸ್ ಸಂಖ್ಯೆಯಲ್ಲಿ ಓದು ಮುಂದುವರಿಸುವವರು ಮತ್ತೆ ಕಟ್ಟಬೇಕಿಲ್ಲ. ಓದು ಅಥವಾ ಸಂಶೋಧನೆ ಇನ್ನೂ ಎರಡು ವರ್ಷ ಬಾಕಿಯಿದ್ದು, ವೀಸಾ ಒಂದು ವರ್ಷದಲ್ಲಿ ಮುಗಿಯುವಂತಿದ್ದರೆ, ಯಾವ ಮದುವೆಯೂ ಇಲ್ಲದ ಒಂದು ಬೇಸಿಗೆಯನ್ನು ಈ ಕೆಲಸಕ್ಕೇ ತೆಗೆದಿಡುವುದು ವಿವೇಕ. ಇದರ ಬೆಲೆ ತಿಳಿಯುವುದು ಮನೆಯಲ್ಲಿ ಅಜ್ಜಿಗೋ ತಾತನಿಗೋ ಹೆಚ್ಚುಕಮ್ಮಿಯಾದಾಗ. ವೀಸಾ ಚಾಲ್ತಿಯಲ್ಲಿದ್ದವರು ಆ ರಾತ್ರಿಯೇ ವಿಮಾನ ಹತ್ತಿ ಬಂದು, ವೈಕುಂಠ ಸಮಾರಾಧನೆ ಮುಗಿಸಿ, ಯಾವ ಕಿಟಕಿಯ ಮುಂದೆಯೂ ನಿಲ್ಲದೆ ಮರಳಬಹುದು. ಇಲ್ಲದವರು ಕೊನೆಯ ಮುಖದರ್ಶನವೋ ಪದವಿಯೋ ಎಂದು ಕೂತು ಯೋಚಿಸಬೇಕಾಗುತ್ತದೆ. ಇಪ್ಪತ್ತಮೂರು ವರ್ಷದ ಮಕ್ಕಳ ಮೇಲೆ ಅಂಥ ಆಯ್ಕೆಯ ಭಾರ ಬೀಳಬಾರದು. ತುರ್ತು ಅಪಾಯಿಂಟ್‌ಮೆಂಟ್ ಕೋರುವ ಅವಕಾಶ ಇದೆ ನಿಜ. ಮೊದಲು ಸಿಕ್ಕಿದ ಮಾಮೂಲಿ ತಾರೀಖನ್ನು ಕಾಯ್ದಿರಿಸಿ, ಆಮೇಲೆ ಕಾರಣ ಬರೆದು ಕೋರಿಕೆ ಸಲ್ಲಿಸಬೇಕು. ಒಪ್ಪುವುದು ಬಿಡುವುದು ಕಾನ್ಸುಲೇಟಿಗೆ ಸೇರಿದ್ದು.

ವೀಸಾ ಚಾಲ್ತಿಯಲ್ಲಿದ್ದರೆ ಮುಗಿಯಿತೇ? ಇಲ್ಲ. ಐ-20ರ ಎರಡನೆಯ ಪುಟದಲ್ಲಿ ಪ್ರಯಾಣಕ್ಕೆಂದೇ ಒಂದು ಸಹಿಯ ಜಾಗವಿದೆ. ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಅಧಿಕಾರಿ, ಮಕ್ಕಳ ಬಾಯಲ್ಲಿ ಡಿಎಸ್ಒ, ಅಲ್ಲಿ ಸಹಿ ಹಾಕಿರಬೇಕು. ಓದುತ್ತಿರುವವರಿಗೆ ಅದು ಒಂದು ವರ್ಷ ನಡೆಯುತ್ತದೆ, ಒಪಿಟಿಯಲ್ಲಿರುವವರಿಗೆ ಆರು ತಿಂಗಳು ಮಾತ್ರ. ಹೊರಡುವ ಗಡಿಬಿಡಿಯಲ್ಲಿ ಮರೆಯುವುದು ಇದನ್ನೇ. ಮರೆತು ಬಂದಿದ್ದರೆ ಹೆದರಬೇಕಿಲ್ಲ. ಸಹಿ ಮಾಡಿದ ಐ-20ಯನ್ನು ಇ-ಮೇಲಿನಲ್ಲೇ ಕಳಿಸಲು ಈಗ ಅವಕಾಶವಿದೆ. ಬನಶಂಕರಿಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಹೊರಡಬಹುದು. ಅದೂ ಇಲ್ಲದೆ ಹೋದವರನ್ನು ಅಲ್ಲಿನ ಅಧಿಕಾರಿ ಐ-515ಎ ಎಂಬ ಕಾಗದ ಕೊಟ್ಟು, ಮೂವತ್ತು ದಿನದಲ್ಲಿ ಸರಿಪಡಿಸಿಕೊಳ್ಳಿ ಎಂದು ಒಳಗೆ ಬಿಡಬಹುದು. ಅಧಿಕಾರಿಯ ಮರ್ಜಿಗೆ ಬಿಟ್ಟ ವಿಷಯವಾದ್ದರಿಂದ ಅದನ್ನು ನೆಚ್ಚಿಕೊಳ್ಳಬಾರದು.

ಪಾಸ್‌ಪೋರ್ಟನ್ನು ಹೊಸದು ಮಾಡಿಸಿಕೊಂಡವರು ಹಳೆಯದನ್ನು ಬೀರುವಿನಲ್ಲಿಟ್ಟು ಹೊರಡಬಾರದು. ಹಳೆಯ ಪುಸ್ತಕದಲ್ಲಿರುವ ವೀಸಾದ ಅವಧಿ ಉಳಿದಿದ್ದರೆ, ಎರಡನ್ನೂ ಒಟ್ಟಿಗೆ ತೋರಿಸಿ ಒಳಗೆ ಹೋಗಬಹುದು. ಹಾಗೆಯೇ ಓದಿಗೆ ಬಿಡುವು ಕೊಟ್ಟು ಬಂದವರು ಐದು ತಿಂಗಳಿಗಿಂತ ಹೆಚ್ಚು ಕಾಲ ಹೊರಗೆ ಉಳಿದರೆ ಹಳೆಯ ವಿದ್ಯಾರ್ಥಿಯೆಂಬ ಲೆಕ್ಕವೇ ತಪ್ಪಿಹೋಗುತ್ತದೆ, ಹೊಸ ಐ-20ರಿಂದ ಮತ್ತೆ ಶುರುಮಾಡಬೇಕು.

ಹೆಚ್ಚಿನ ಎಚ್ಚರ ಬೇಕಾದದ್ದು ಓದು ಮುಗಿದ ಮೇಲಿನ ಕಾಲದಲ್ಲಿ. ಪದವಿಯ ನಂತರ ಸಿಗುವ ಅರವತ್ತು ದಿನಗಳ ಅವಧಿ ಗಂಟುಮೂಟೆ ಕಟ್ಟಿಕೊಂಡು ಹೊರಡಲಿಕ್ಕೆ ಇರುವುದು. ಒಪಿಟಿಗೆ ಅರ್ಜಿ ಹಾಕದೆ ಆಗ ಊರಿಗೆ ಬಂದುಬಿಟ್ಟರೆ ಅದೇ ವೀಸಾದಲ್ಲಿ ಮರಳುವಂತಿಲ್ಲ, ವೀಸಾದ ಮೇಲೆ ಎಷ್ಟು ವರ್ಷ ಉಳಿದಿದ್ದರೂ ಅಷ್ಟೇ. ಒಪಿಟಿ ಮಂಜೂರಾದವರು ಕೆಲಸದ ಅನುಮತಿಯ ಕಾರ್ಡು ಮತ್ತು ಕಂಪನಿಯ ಪತ್ರ ಎರಡನ್ನೂ ಹಿಡಿದೇ ಬರಬೇಕು. ಒಪಿಟಿಯ ಮೊದಲ ವರ್ಷದಲ್ಲಿ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು ತೊಂಬತ್ತು ದಿನ. ಕೆಲಸವಿಲ್ಲದೆ ಊರಿನಲ್ಲಿ ಕಳೆದ ದಿನಗಳೂ ಆ ತೊಂಬತ್ತರಲ್ಲೇ ಕಳೆಯುತ್ತವೆ. ಎಂ.ಎಸ್. ಮುಗಿಸಿದ ಮಗನನ್ನು "ಹೇಗೂ ಕೆಲಸ ಸಿಕ್ಕಿಲ್ಲ, ಎರಡು ತಿಂಗಳು ಬಂದು ಇದ್ದು ಹೋಗೋ" ಎಂದು ಕರೆಯುವ ತಾಯಿಗೆ ಈ ಒಂದು ನಿಯಮ ಗೊತ್ತಿರಲೇಬೇಕು.

ಇನ್ನು ಎಚ್-1ಬಿ. ಲಾಟರಿಯಲ್ಲಿ ಹೆಸರು ಬಂದು, ಅಮೆರಿಕದೊಳಗೇ ಇದ್ದುಕೊಂಡು ಎಫ್-1ರಿಂದ ಎಚ್-1ಬಿಗೆ ಬದಲಾಗಲು ಕಂಪನಿ ಅರ್ಜಿ ಹಾಕಿರುತ್ತದೆ. ಆ ಅರ್ಜಿ ಇತ್ಯರ್ಥವಾಗುವ ಮೊದಲು ಹುಡುಗ ದೇಶ ಬಿಟ್ಟು ಹೊರಟರೆ, ಬದಲಾವಣೆಯ ಕೋರಿಕೆಯನ್ನು ಅವನೇ ಕೈಬಿಟ್ಟ ಹಾಗೆ ಎಂದು ಪರಿಗಣಿಸುತ್ತಾರೆ. ಮೊದಲು ಇದರ ಪರಿಣಾಮ ಚೆನ್ನೈಗೆ ಒಂದು ಓಡಾಟ ಹೆಚ್ಚಾಗುವುದಷ್ಟೇ ಆಗಿತ್ತು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಘೋಷಣೆ ಬಂದ ಮೇಲೆ ಚಿತ್ರ ಬದಲಾಗಿದೆ. ದೇಶದೊಳಗೇ ಇದ್ದು ಬದಲಾಗುವವರಿಗೆ ಅದು ಅನ್ವಯಿಸದು, ಅರ್ಜಿ ಬಾಕಿಯಿರುವಾಗ ಹೊರಟುಹೋದವರಿಗೆ ಅನ್ವಯಿಸುತ್ತದೆ ಎಂದು ಅಕ್ಟೋಬರಿನ ಮಾರ್ಗಸೂಚಿ ಹೇಳಿತು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಮ್ಮ ಮದುವೆಯ ಕಾಲ ಪೂರ್ತಿ, ಇಂಥ ಅರ್ಜಿಗಳು ಬಾಕಿಯಿರುತ್ತವೆ. ಒಂದು ವಾರದ ಪ್ರಯಾಣಕ್ಕೆ ಯಾವ ಕಂಪನಿಯೂ ಇಷ್ಟು ಹಣ ಕಟ್ಟಲಾರದು. ಈ ಸ್ಥಿತಿಯಲ್ಲಿರುವ ಮಗ ಮದುವೆಗೆ ಬರಲಾರೆ ಎಂದರೆ ದಯವಿಟ್ಟು ಎರಡನೆಯ ಸಲ ಕೇಳಬೇಡಿ.

2025ರ ಏಪ್ರಿಲ್‌ನಲ್ಲಿ ನಡೆದದ್ದನ್ನೂ ಇಲ್ಲಿ ಹೇಳಬೇಕು. ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳು ಏಕಾಏಕಿ ರದ್ದಾದವು. ಹಲವರ ಹೆಸರಿನಲ್ಲಿ ಇದ್ದದ್ದು ಸಣ್ಣ ಸಂಚಾರ ಉಲ್ಲಂಘನೆ, ವಜಾ ಆದ ಹಳೆಯ ಪ್ರಕರಣ, ಅಷ್ಟೇ. ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ಹೂಡಿದ ಮೇಲೆ ತಿಂಗಳ ಕೊನೆಗೆ ದಾಖಲೆಗಳನ್ನು ಮರಳಿ ಜೋಡಿಸತೊಡಗಿದರು. ಸೆವಿಸ್ ದಾಖಲೆ ಮರಳಿತೆಂದರೆ ರದ್ದಾದ ವೀಸಾವೂ ಮರಳಿತು ಎಂದಲ್ಲ. ಅಂಥವರು ಅಲ್ಲೇ ಓದಬಹುದು, ಹೊರಗೆ ಬಂದರೆ ಹೊಸ ವೀಸಾ ಬೇಕು. ಅತಿವೇಗದ ಚಾಲನೆಗೆ ದಂಡ ಕಟ್ಟಿದ ಹುಡುಗರು ಕೂಡ ಊರಿಗೆ ಹೊರಡುವ ಮುನ್ನ ಪ್ರಕರಣ ಮುಗಿದ ಬಗ್ಗೆ ನ್ಯಾಯಾಲಯದ ಕಾಗದ ಜೊತೆಗಿಟ್ಟುಕೊಂಡು, ಡಿಎಸ್ಒ ಬಳಿ ಮಾತಾಡಿಯೇ ಹೊರಡುವುದು ಕ್ಷೇಮ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸೀನಿಯರ್‌ಗಳು ಹೇಳುವುದು ಅವರ ಕಾಲದ ನಿಯಮ.

ವಿಮಾನದ ದಾರಿಯ ಬಗ್ಗೆ ಎರಡು ಮಾತು. ಕೆಂಪೇಗೌಡ ನಿಲ್ದಾಣದ ಎರಡನೆಯ ಟರ್ಮಿನಲ್‌ನಿಂದ ಅಬುಧಾಬಿ ಮೂಲಕ ಅಮೆರಿಕಕ್ಕೆ ಹೋಗುವವರಿಗೆ ಅಮೆರಿಕದ ವಲಸೆ ತಪಾಸಣೆ ಅಬುಧಾಬಿಯಲ್ಲೇ ಆಗುತ್ತದೆ. 2014ರಿಂದ ಅಲ್ಲಿ ಆ ವ್ಯವಸ್ಥೆ ಇದೆ. ಐ-20, ಹಣಕಾಸಿನ ಪತ್ರ, ಪ್ರವೇಶದ ಕಾಗದ ಚೆಕ್-ಇನ್ ಸೂಟ್‌ಕೇಸಿನಲ್ಲಿದ್ದರೆ ಅಲ್ಲೇ ಪೇಚಾಟ. ಚಟ್ನಿಪುಡಿ, ಹುಳಿಪುಡಿ ಸೂಟ್‌ಕೇಸಿಗೆ ಹೋಗಲಿ, ಕಾಗದಗಳು ಕೈಚೀಲದಲ್ಲಿರಲಿ. ಇನ್ನೊಂದು, ವೀಸಾ ಮುಗಿದ ಪಾಸ್‌ಪೋರ್ಟ್ ಹಿಡಿದು ಊರಿಗೆ ಬರುವವರು ಲಂಡನ್ ಅಥವಾ ಯುರೋಪಿನ ಮೂಲಕ ಟಿಕೆಟ್ ತೆಗೆಯುವ ಮುನ್ನ ಟ್ರಾನ್ಸಿಟ್ ವೀಸಾ ಬೇಕೇ ಎಂದು ವಿಚಾರಿಸಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಗೆ ಸಿಗುವ ವಿನಾಯಿತಿ ಅದು ಮುಗಿದವರಿಗೆ ಹಾಗೇ ಸಿಗುತ್ತದೆಂದು ಭಾವಿಸುವಂತಿಲ್ಲ.

ಬೇರೆ ದೇಶಗಳಲ್ಲಿ ಲೆಕ್ಕಾಚಾರ ಬೇರೆ. ಕೆನಡಾದಲ್ಲಿ ಓದುವ ಪರ್ಮಿಟ್ ಒಂದು, ಒಳಗೆ ಬರುವ ವೀಸಾ ಇನ್ನೊಂದು. ಪರ್ಮಿಟ್ ಇದೆಯೆಂದು ನಂಬಿ ಬಂದು ಇಲ್ಲಿ ಸಿಕ್ಕಿಕೊಳ್ಳುವವರಿದ್ದಾರೆ. ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ಕಾರ್ಡುಗಳ ಕಾಲ 2024ಕ್ಕೆ ಮುಗಿದು ಇ-ವೀಸಾ ಬಂದಿದೆ. ಊರಿಗೆ ಬಂದಾಗ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡವರು ಅದರ ಸಂಖ್ಯೆಯನ್ನು ತಮ್ಮ ಬ್ರಿಟಿಷ್ ವೀಸಾ ಖಾತೆಗೆ ಜೋಡಿಸದೆ ಹೊರಡಬಾರದು. ಜರ್ಮನಿಯಲ್ಲಿ ವಾಸದ ಪರವಾನಗಿ ಪಡೆದವರು ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ.

ರಜೆಗೆಂದು ಬಂದವರು ಮರಳಲಾಗದೆ ಉಳಿಯುವುದು ಬರೀ ಭಯವಲ್ಲ, ನಡೆದ ಸಂಗತಿ. ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದ ಭಾರತದ ಸಾವಿರಾರು ಮಕ್ಕಳು 2020ರ ಜನವರಿ, ಫೆಬ್ರವರಿಯಲ್ಲಿ ಕೋವಿಡ್ ಹಬ್ಬುತ್ತಿದ್ದಾಗ ಮನೆಗೆ ಬಂದರು. ಚೀನಾ ಮತ್ತೆ ವಿದ್ಯಾರ್ಥಿ ವೀಸಾ ಕೊಡತೊಡಗಿದ್ದು 2022ರ ಆಗಸ್ಟ್ 24ರಂದು. ಎರಡೂವರೆ ವರ್ಷ ಅವರು ಶರೀರರಚನೆಯ ಪಾಠವನ್ನೂ ಮೊಬೈಲಿನಲ್ಲೇ ಕೇಳಿದರು. ಆ ಆನ್‌ಲೈನ್ ಓದಿಗೆ ಮಾನ್ಯತೆ ಇದೆಯೇ ಎಂಬ ಪ್ರಶ್ನೆ ಅವರನ್ನು ಆಮೇಲೂ ಕಾಡಿತು. ಆಸ್ಟ್ರೇಲಿಯಾ 2020ರ ಮಾರ್ಚ್‌ನಲ್ಲಿ ಮುಚ್ಚಿದ ಗಡಿಯನ್ನು ವಿದ್ಯಾರ್ಥಿಗಳಿಗೆ ತೆರೆದದ್ದು 2021ರ ಡಿಸೆಂಬರ್ 15ಕ್ಕೆ.

ಈ ಬಾಗಿಲು ನಮ್ಮ ಕಡೆಯಿಂದಲೂ ಮುಚ್ಚಿದ್ದುಂಟು. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ, ಭಾರತದ ಹೊರಗಿದ್ದ ಅಫ್ಘನ್ನರಿಗೆ ಮೊದಲು ಕೊಟ್ಟಿದ್ದ ವೀಸಾಗಳನ್ನೆಲ್ಲ ಭಾರತ ರದ್ದು ಮಾಡಿತು. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹೆಸರಿದ್ದು, ಕೋವಿಡ್ ಕಾಲದಲ್ಲಿ ಊರಿಗೆ ಹೋಗಿದ್ದ ಅಫ್ಘನ್ ವಿದ್ಯಾರ್ಥಿಗಳು ಅಲ್ಲೇ ಉಳಿದರು. ಅವರ ತಾಯಂದಿರೂ ತಾರೀಖುಗಳನ್ನು ಎಣಿಸಿದ್ದಾರೆ.

ಇಂಥ ವಿದೇಶಿ ಮಕ್ಕಳು ನಮ್ಮ ಊರಿನಲ್ಲೂ ಇದ್ದಾರೆ. 2019-20ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಭಾರತದಲ್ಲಿ ಓದುತ್ತಿದ್ದ ವಿದೇಶಿಯರು 49,348. ಆ ವರ್ಷಗಳಲ್ಲಿ ಅತಿ ಹೆಚ್ಚು ಮಂದಿ ಇದ್ದದ್ದು ಕರ್ನಾಟಕದಲ್ಲಿ. ಬಿಟಿಎಂ ಲೇಔಟ್, ಹೊಸೂರು ರಸ್ತೆಯ ಆಚೀಚೆ, ಜಯನಗರದ ಮೇಲ್ಮಹಡಿಗಳಲ್ಲಿ ಬಾಡಿಗೆಗಿರುವ ಇವರಲ್ಲಿ ನೇಪಾಳ, ಭೂತಾನದವರಿಗೆ ವೀಸಾದ ಗೊಡವೆಯೇ ಇಲ್ಲ. ಉಳಿದವರಿಗೆ ಇದೆ. 180 ದಿನ ಮೀರಿದ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಹದಿನಾಲ್ಕು ದಿನದೊಳಗೆ ನೋಂದಣಿ ಮಾಡಿಸಬೇಕು. ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿರುವ, ವಿದೇಶಿಯರ ನೋಂದಣಿ ನೋಡಿಕೊಳ್ಳುವ ಎಫ್‌ಆರ್‌ಆರ್‌ಒ ಕಚೇರಿಯ ಮುಂದೆ ಹಿಂದೆ ಇದಕ್ಕಾಗಿ ಬೆಳಗಿನಿಂದ ಸಾಲು ನಿಲ್ಲುತ್ತಿತ್ತು. 2018ರಲ್ಲಿ ಇ-ಎಫ್‌ಆರ್‌ಆರ್‌ಒ ಬಂದ ಮೇಲೆ ನೋಂದಣಿ, ವೀಸಾ ವಿಸ್ತರಣೆ, ರಿಟರ್ನ್ ವೀಸಾ, ಎಕ್ಸಿಟ್ ಪರ್ಮಿಟ್ ಎಲ್ಲವೂ ಬಹುಮಟ್ಟಿಗೆ ಆನ್‌ಲೈನ್. ಅಮೆರಿಕಕ್ಕೂ ನಮಗೂ ಇರುವ ಒಳ್ಳೆಯ ವ್ಯತ್ಯಾಸ ಇದು: ವೀಸಾ ವಿಸ್ತರಿಸಿಕೊಳ್ಳಲು ಇಲ್ಲಿ ಓದುವವರು ದೇಶ ಬಿಟ್ಟು ಹೋಗಬೇಕಾಗಿಲ್ಲ. 2025ರ ಸೆಪ್ಟೆಂಬರ್ 1ರಿಂದ ಹಳೆಯ ನಾಲ್ಕು ಕಾಯ್ದೆಗಳ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ವಿದೇಶಿ ವಿದ್ಯಾರ್ಥಿಗಳ ಮಾಹಿತಿ ಕೊಡುವ ಹೊಣೆ ಕಾಲೇಜುಗಳ ಮೇಲೂ ಇದೆ.

ಈ ಅರ್ಜಿಗಳು ನಿಂತುಹೋಗುವುದು ಹೆಚ್ಚಾಗಿ ಎರಡು ಕಾಗದಗಳಿಗೆ, ಕಾಲೇಜಿನ ಬೋನಫೈಡ್ ಮತ್ತು ವಿಳಾಸದ ಪುರಾವೆ. ಎರಡನೆಯದು ನಮ್ಮ ಕೈಯಲ್ಲಿರುವುದು. ಕರಾರು ಪತ್ರ ಮಾಡಿಕೊಡಲು ಹಿಂಜರಿಯುವ ಮನೆ ಮಾಲೀಕರು, ಬಾಡಿಗೆಗಿರುವವರ ಮಾಹಿತಿ ತುಂಬಲು ಸೋಮಾರಿತನ ತೋರುವ ಪಿಜಿಗಳು ದಕ್ಷಿಣ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ವಿದೇಶಿಯರಿಗೆ ವಸತಿ ಕೊಟ್ಟವರು ಇಪ್ಪತ್ತನಾಲ್ಕು ಗಂಟೆಯೊಳಗೆ ಅವರ ಮಾಹಿತಿಯನ್ನು ಸಲ್ಲಿಸಬೇಕು, ಅದು ಆನ್‌ಲೈನಿನಲ್ಲೇ ಆಗುವ ಕೆಲಸ. ರಜೆ ಮುಗಿಸಿ ಮರಳಿದ ವಿದ್ಯಾರ್ಥಿ ಬೇರೆ ಕೋಣೆಗೆ ಹೋದರೆ ಅಲ್ಲಿನ ವಿಳಾಸವೂ ಇ-ಎಫ್‌ಆರ್‌ಆರ್‌ಒ ದಾಖಲೆಯಲ್ಲಿ ಬದಲಾಗಬೇಕು. ಅದಕ್ಕೆ ಹೊಸ ಕರಾರು ಪತ್ರ ಬೇಕು, ಅದರ ಮೇಲೆ ಮಾಲೀಕರ ಸಹಿ ಬೇಕು. ಕೇಳಿದ ದಿನವೇ ಹಾಕಿಕೊಡಿ.